ಥೇಮ್ಸಿನ ಉತ್ತರ ದಡದಲ್ಲಿ ಒಂದು ಸಂಕಲ್ಪ

ಎಜ್‌ವೇರ್, ಮೊದಲ ಬೆಳಿಗ್ಗೆ

ನಾನೂ ನಮ್ಮವರೂ ಲಂಡನ್ನಿಗೆ ಬಂದಿಳಿದ ಮರುದಿನವೇ ತಂಗಿಯ ಮನೆಯ ಮುಂದೆ ಗ್ಯಾಸ್ ಸೋರಿಕೆ ಹುಡುಕುವವರ ಗಾಡಿ ಬಂದು ನಿಂತಿತು. ಕಾರಣ ನಾನು. ಸರಿಯಾಗಿ ಹೇಳಬೇಕೆಂದರೆ, ನಾನು ಸಾರಿನ ಒಗ್ಗರಣೆಗೆ ಹಾಕಿದ ಇಂಗು.

ಕುಂದಾಪುರದಿಂದ ಕಟ್ಟಿಕೊಂಡು ಹೋದ ಗಟ್ಟಿ ಇಂಗು ಅದು. ತಂಗಿ ವನಜ ಹದಿನಾರು ವರ್ಷದಿಂದ ಇಲ್ಲಿಯ ಡಬ್ಬಿಯ ಪುಡಿಯಲ್ಲೇ ಸಂಸಾರ ಮಾಡಿದವಳು. "ಅಕ್ಕ, ಒಂಚೂರ್ ಜಾಸ್ತಿಯೇ ಹಾಕ್" ಎಂದಳು. ಹಾಕಿದೆ. ಹೊಗೆ ಹೋಗಲಿ ಎಂದು ಕಿಟಕಿಯನ್ನೂ ತೆಗೆದಿಟ್ಟೆ. ಪಕ್ಕದ ಮನೆಯ ಹೆಂಗಸಿಗೆ ಗ್ಯಾಸ್ ಸೋರುತ್ತಿದೆ ಅನ್ನಿಸಿತು. ನಮ್ಮಲ್ಲಾದರೆ ಬೇಲಿಯ ಮೇಲಿಂದ ಒಂದು ಕೂಗು ಹಾಕುತ್ತಿದ್ದರು. ಇಲ್ಲಿಯವರು ಪಕ್ಕದ ಮನೆಯವರಿಗೆ ತೊಂದರೆ ಕೊಡಬಾರದೆಂದು ನೇರವಾಗಿ ಸಂಬಂಧಪಟ್ಟವರಿಗೇ ಫೋನ್ ಮಾಡುತ್ತಾರೆ.

ಬಂದ ಮನುಷ್ಯ ಒಳಗೆ ಕಾಲಿಡುವ ಮೊದಲು ತನ್ನ ಬೂಟಿನ ಮೇಲೆ ನೀಲಿ ಚೀಲ ತೊಟ್ಟುಕೊಂಡ. ನಮ್ಮಲ್ಲಿ ಸಿಲಿಂಡರ್ ತರುವವನು ಚಪ್ಪಲಿ ಹಾಕಿಕೊಂಡೇ ಒಲೆಯ ಬುಡದವರೆಗೂ ಬರುವುದನ್ನು ನೆನೆದು, ಇದೊಂದು ಉಪಕಾರ ಎಂದು ಮನಸ್ಸಿನಲ್ಲೇ ಎಣಿಸಿಕೊಂಡೆ. ಮಲಗುವ ಮುನ್ನ ಆ ದಿನದ ಉಪಕಾರಗಳನ್ನು ದೇವರಿಗೆ ಒಪ್ಪಿಸುವುದು ನನ್ನ ಅಭ್ಯಾಸ. ಆತ ಕೈಯಲ್ಲಿದ್ದ ಯಂತ್ರವನ್ನು ಮೂಲೆ ಮೂಲೆಗೂ ಹಿಡಿದ. ಯಂತ್ರ ಏನೂ ಹೇಳಲಿಲ್ಲ. ಕೊನೆಗೆ ವನಜನ ಮಗಳು, ಹನ್ನೆರಡರ ಅನಘ, ಇಂಗಿನ ಉಂಡೆಯನ್ನು ಅವನ ಮೂಗಿಗೆ ಹಿಡಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ದೊಡ್ಡಮ್ಮ, ಹಿ ಈಸ್ ಆಸ್ಕಿಂಗ್ ಇಫ್ ಯು ಆಕ್ಚುಲಿ ಈಟ್ ದಿಸ್."

ಹೌದೆಂದು ಹೇಳು ಎಂದೆ. ಒಂದು ಕಪ್ಪಿನಲ್ಲಿ ಸಾರು ಕೊಟ್ಟೆ. ನಿಂತಲ್ಲೇ ಕುಡಿದು, ಕಪ್ಪನ್ನು ತೊಳೆದಿಟ್ಟು ಹೋದ.

ನಗು ಮುಗಿದ ಮೇಲೆ ನಮ್ಮವರು ಅನಘನಿಗೆ ಹೇಳಿದರು: "ನಿಜವಾದ ಗ್ಯಾಸಿಗೆ ವಾಸನೆಯೇ ಇಲ್ಲೆ ಮಗಾ. ಹಡಗಲ್ ಬಪ್ಪತ್ತಿಗೆ ನೀರಿನ್ ಹಾಂಗೆ ಇರತ್ತ್. ಮನೆಗೆ ಬಿಡೂಕೆ ಮುಂಚೆ ಬೇಕಂತ್ಲೇ ನಾತ ಬೆರ್ಸುದ್. ಸೋರಿದ್ರೆ ಗೊತ್ತಾಗ್ಲಿ ಅಂದೇಳಿ."

ಇವರಿಗೆ ಇದೆಲ್ಲ ಗೊತ್ತು. ಇಪ್ಪತ್ತೆರಡು ವರ್ಷ ಕೊಲ್ಲಿಯ ದೇಶವೊಂದರಲ್ಲಿ ಗ್ಯಾಸನ್ನು ತಂಪು ಮಾಡಿ ದ್ರವವಾಗಿಸಿ ಹಡಗಿಗೆ ತುಂಬುವ ಸ್ಥಾವರದಲ್ಲಿ ದುಡಿದವರು. ಆ ದ್ರವ ಹರಿಯುವ ಪೈಪುಗಳಿಗೆ ಕಂಬಳಿ ಹೊದಿಸಿದಂತೆ ಹೊದಿಕೆ ಸುತ್ತುವ ಕೆಲಸದ ಮೇಸ್ತ್ರಿ. ಸೊನ್ನೆಯಿಂದ ನೂರ ಅರವತ್ತು ಡಿಗ್ರಿ ಕೆಳಗಿನ ತಂಪಂತೆ. ಒಂದು ದಿನ ಪೈಪಿನ ಜೋಡಣೆಯಿಂದ ನಾಲ್ಕು ಹನಿ ಗ್ಲೌಸಿನೊಳಗೆ ಇಳಿಯಿತು. ಬಲಗೈಯ ಉಂಗುರದ ಬೆರಳಿಗೂ ಕಿರುಬೆರಳಿಗೂ ಅಂದಿನಿಂದ ಸ್ಪರ್ಶವಿಲ್ಲ. ಬಿಸಿ, ತಂಪು, ಮುಳ್ಳು, ಏನೂ ಗೊತ್ತಾಗುವುದಿಲ್ಲ. ಅದಾದ ಮೇಲೆ ಊರಿಗೆ ಬಂದರು. ಬಂದು ಎರಡು ವರ್ಷ. ಇನ್ನು ಹೋಗುವುದಿಲ್ಲ ಎಂದು ನಾನು ನಂಬಿ, ದೇವಿಗೆ ಹೂವಿನ ಪೂಜೆಯನ್ನೂ ಮಾಡಿಸಿ ಆಗಿತ್ತು.

ಅಷ್ಟು ಹೇಳಿದವರೇ, ಒಲೆಯಿಂದ ಆಗಷ್ಟೇ ಇಳಿಸಿದ ಸಾರಿನ ಸ್ಟೀಲ್ ಲೋಟವನ್ನು ಬಲಗೈಯಲ್ಲಿ ಎತ್ತಿದರು. ಕಿರುಬೆರಳು ಲೋಟಕ್ಕೆ ಒತ್ತಿಕೊಂಡು ಕೆಂಪಾದದ್ದು ನನಗೆ ಕಂಡಿತು, ಅವರಿಗಲ್ಲ.

"ಸುಡುದಿಲ್ಯಾ? ಎಡಗೈಯಲ್ ತಕಣಿ!" ಎಂದು ಕಸಿದುಕೊಂಡೆ.

"ಎಡಗೈಯಲ್ ತಕಂಡ್ರೆ ಬೈಯುದ್ ನೀನೇ ಅಲ್ದಾ?" ಎಂದರು. ಅದೂ ಸುಳ್ಳಲ್ಲ. ಕುಡಿಯುವುದು, ತಿನ್ನುವುದು, ಕೊಡುವುದು, ತೆಗೆದುಕೊಳ್ಳುವುದು ಎಲ್ಲ ಬಲಗೈಯಲ್ಲೇ ಆಗಬೇಕೆಂದು ಮನೆಯಲ್ಲಿ ಮೂವತ್ತು ವರ್ಷ ಕಾವಲು ಕಾದವಳು ನಾನೇ.

ಅಂದಿನ ಊಟಕ್ಕೆ ಕುಳಿತಾಗ ವನಜನ ಗಂಡ ಸುಧಾಕರ ನಾವು ಬಂದ ವಿಷಯ ಬಿಡಿಸಿದ. ಆಫ್ರಿಕಾದ ಒಂದು ಕರಾವಳಿಯ ಸಮುದ್ರದಡಿ ಗ್ಯಾಸು ಸಿಕ್ಕಿದೆ. ಅದನ್ನು ದ್ರವ ಮಾಡಿ ಹೊರದೇಶಕ್ಕೆ ಕಳಿಸುವ ಉದ್ಯಮವನ್ನೇ ಆ ಸೀಮೆಯಲ್ಲಿ ಎಬ್ಬಿಸಬೇಕು. ಬಂದರು, ಸ್ಥಾವರ, ರಸ್ತೆ, ಕೆಲಸ ಕಲಿಸುವ ಶಾಲೆ ಎಲ್ಲ ಆಗಬೇಕು. ಅಷ್ಟು ದೊಡ್ಡ ಸಾಲಕ್ಕೆ ಸರ್ಕಾರ ಜಾಮೀನು ನಿಲ್ಲದೆ ಬ್ಯಾಂಕಿನವರು ಕೈ ಹಾಕುವುದಿಲ್ಲ. ಇಲ್ಲಿಯ ಕಂಪನಿಗಳಿಗೆ ಕೆಲಸ ಸಿಗುತ್ತದೆಂದು ಇಲ್ಲಿಯ ಸರ್ಕಾರ ಹಿಂದೊಮ್ಮೆ ಹೂಂ ಅಂದಿತ್ತು. ಈಗ ಅದನ್ನೇ ಮತ್ತೆ ಪರಿಶೀಲಿಸುತ್ತಿದ್ದಾರೆ. ಸುಧಾಕರನ ಆಫೀಸು ಆ ಕಾಗದಪತ್ರ ನೋಡಿಕೊಳ್ಳುತ್ತದೆ.

"ಜಾಮೀನಿಗೆ ಸಹಿ ಆದ್ರೆ ಭಾವನಿಗೆ ಅಲ್ಲಿ ಕೆಲ್ಸ ಗ್ಯಾರಂಟಿ ಅತ್ತಿಗೆ. ನಾನೇ ಹೆಸ್ರ್ ಹೇಳಿದ್ದ್. ಆಗದಿದ್ರೆ..." ಎಂದು ಸುಧಾಕರ ಅನ್ನ ಕಲಸುವುದನ್ನು ನಿಲ್ಲಿಸಿದ.

ವನಜ ಮುಗಿಸಿದಳು: "ಆಗದಿದ್ರೆ ಇವ್ರ ವಿಭಾಗವೇ ಮುಚ್ತ್ ಅಕ್ಕ. ಈ ಮನೆ ತಕಂಡ್ ವರ್ಷ ಆಯ್ಲಿಲ್ಲೆ."

ಆಗಲಿ ಎಂದು ತಂಗಿಗೋಸ್ಕರ ಕೇಳಿಕೊಳ್ಳಬೇಕಿತ್ತು. ಆದರೆ ಮನಸ್ಸು ಆಗದಿರಲಿ ಎನ್ನುತ್ತಿತ್ತು. ಆ ರಾತ್ರಿ ಉಪಕಾರಗಳನ್ನು ಎಣಿಸಲು ಕೂತರೆ ಬೂಟಿನ ನೀಲಿ ಚೀಲದಿಂದ ಮುಂದಕ್ಕೆ ಹೋಗಲಾಗಲಿಲ್ಲ.

ಬ್ಯಾಂಕ್ ಸ್ಟೇಷನ್ನಿನ ಮೇಲೆ

ಮೂರನೆಯ ದಿನ ಇವರನ್ನು ನೋಡಲು ಸುಧಾಕರನ ಮೇಲಧಿಕಾರಿ ಬರಹೇಳಿದ್ದರು. ನಾನೂ ಹೊರಟೆ. ಟ್ಯೂಬ್ ಎನ್ನುವ ಇಲ್ಲಿಯ ನೆಲದಡಿಯ ರೈಲಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ನಾಯಿಯೊಂದು ಹತ್ತಿದಾಗ ಮಾತ್ರ ಇಡೀ ಬೋಗಿ ಅದರ ಹೆಸರು, ವಯಸ್ಸು, ಆರೋಗ್ಯ ವಿಚಾರಿಸಿಕೊಂಡಿತು. ನಮ್ಮ ಬಸ್ಸಿನಲ್ಲಿ ಆ ಹೊತ್ತಿಗೆ ನನ್ನ ತವರು, ಗಂಡನ ಕೆಲಸ, ಮಗಳನ್ನು ಕೊಟ್ಟ ಊರು ಎಲ್ಲ ಹೊರಬಿದ್ದಿರುತ್ತಿತ್ತು.

ಬ್ಯಾಂಕ್ ಎಂಬ ಹೆಸರಿನ ಸ್ಟೇಷನ್ನಿನಲ್ಲಿ ಇಳಿದು ಮೇಲೆ ಬಂದು, ಇವರೂ ಸುಧಾಕರನೂ ಆಫೀಸಿನ ಗಾಜಿನ ಕಟ್ಟಡದೊಳಗೆ ಹೋದರು. ನಾನು ಎದುರಿನ ಕಲ್ಲುಬೆಂಚಿನಲ್ಲಿ ಕೂತೆ. ಅಲ್ಲಿ ಏಳೆಂಟು ಜನ ಸೇರಿದ್ದರು. ಯಾವುದೋ ಯಾತ್ರೆಗೆ ಹೊರಟವರಂತೆ ಫ್ಲಾಸ್ಕು, ಮಡಿಸುವ ಸ್ಟೂಲು, ಮಳೆಯ ಕೋಟು ಎಲ್ಲ ಇತ್ತು. ಪಕ್ಕದಲ್ಲಿದ್ದ ಬೆಳ್ಳಿಕೂದಲಿನ ಅಜ್ಜಿ ಸ್ವೆಟರ್ ಹೆಣೆಯುತ್ತಿದ್ದರು. ನನಗೆ ಬಿಸ್ಕತ್ತು ಚಾಚಿದರು. "ಎಗ್?" ಎಂದು ಕೇಳಿದೆ. ಆಕೆ ಕನ್ನಡಕ ಬದಲಾಯಿಸಿ, ಪೊಟ್ಟಣದ ಹಿಂದಿನ ಸಣ್ಣ ಅಕ್ಷರವನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, "ನೋ ಎಗ್, ಡಿಯರ್" ಎಂದರು. ಅಪರಿಚಿತಳ ಮಡಿಗಾಗಿ ಇಷ್ಟು ಕಷ್ಟಪಟ್ಟವರನ್ನು ನಾನು ನೋಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಆಕೆ ಎದ್ದು, ಶೌಚಾಲಯದ ಕಡೆ ಕೈ ತೋರಿಸಿ, ತನ್ನ ಕೋಲನ್ನು ನನ್ನ ಕೈಗೆ ಕೊಟ್ಟು ಹೋದರು. ಕೋಲಿನ ತುದಿಗೆ ರಟ್ಟು ಇತ್ತು. ನನ್ನ ಕಡೆಗೆ ಬರೀ ಖಾಲಿ ರಟ್ಟು. ಕೆಳಗಿಟ್ಟರೆ ಒದ್ದೆಯಾಗುತ್ತದೆಂದು ನೆಟ್ಟಗೆ ಹಿಡಿದುಕೊಂಡೆ. ಬಿಸ್ಕತ್ತಿನ ಋಣ ಬೇರೆ. ಯಾರೋ ಫೋಟೋ ತೆಗೆದರು. ಸೀರೆ ಉಟ್ಟದ್ದಕ್ಕಿರಬೇಕೆಂದು ಸೆರಗು ಸರಿಮಾಡಿಕೊಂಡೆ.

ಆಗಲೇ ಗಾಜಿನ ಬಾಗಿಲಿಂದ ಸುಧಾಕರ, ಇವರು, ಜೊತೆಗೊಬ್ಬ ಎತ್ತರದ ಮನುಷ್ಯ ಹೊರಬಂದರು. ಸುಧಾಕರನ ಮುಖ ಬಿಳಚಿಕೊಂಡಿತು.

"ಅತ್ತಿಗೆ! ಎಂತದ್ ಹಿಡ್ಕಂಡಿದ್ರಿ ನೀವ್?"

ಕೋಲು ತಿರುಗಿಸಿದೆ. ಕೆಂಪು ಬಣ್ಣದಲ್ಲಿ ದೊಡ್ಡದಾಗಿ 'ನೋ ಮೋರ್ ಗ್ಯಾಸ್' ಎಂದು ಬರೆದಿತ್ತು.

ಎತ್ತರದ ಮನುಷ್ಯನೇ ಮೇಲಧಿಕಾರಿ. ಆತ ನಕ್ಕು, ಈಕೆ ಯಾರ ಪಕ್ಷ ಎಂದು ಕೇಳಿದ. "ಶಿ ಈಸ್ ವಿತ್ ಮಿ" ಎಂದರು ನಮ್ಮವರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಒಳಗೆ ಬಚ್ಚಿಟ್ಟದ್ದನ್ನು ಯಾರೋ ಹೊರಗೆ ತಂದು ದೊಡ್ಡಕ್ಷರದಲ್ಲಿ ಬರೆದು ನನ್ನ ಕೈಗೇ ಕೊಟ್ಟಂತಾಗಿತ್ತು. ಅಜ್ಜಿ ವಾಪಸು ಬಂದು ಕೋಲು ಪಡೆದು ನನ್ನ ಬೆನ್ನು ತಟ್ಟಿದರು. ಅವರಿಗೆ ಲೋಕದ ಚಿಂತೆ. ನನಗೆ ಎರಡು ಬೆರಳಿನದು.

ಹಿಂತಿರುಗುವಾಗ ಟ್ಯೂಬಿನಲ್ಲಿ ಇವರು ನನ್ನನ್ನು ಕಾಡಿದ್ದೇ ಕಾಡಿದ್ದು. "ಬಂದ್ ಮೂರ್ ದಿನಕ್ಕೆ ಚಳವಳಿಗಾರ್ತಿ! ಮುಂದಿನ್ ವಾರ ಪಾರ್ಲಿಮೆಂಟಿಗಾ?"

ಹೇಳಿಬಿಡೋಣ ಎಂದು ಬಾಯಿ ತೆರೆದೆ. "ಕಾಣಿ..." ಎಂದೆ. ಅಷ್ಟರಲ್ಲಿ ಇನ್ನೊಂದು ನಾಯಿ ಹತ್ತಿತು.

ಈಸ್ಟ್ ಹ್ಯಾಮ್

ಭಾನುವಾರಕ್ಕೆ ಸತ್ಯನಾರಾಯಣ ಪೂಜೆ ಎಂದು ವನಜ ನಿಶ್ಚಯ ಮಾಡಿದಳು. ಸಹಿ ಬೇಗ ಆಗಲಿ ಎಂದು. ಸಾಮಾನಿಗೆ, ನಮ್ಮ ದೇಶದವರ ಅಂಗಡಿಗಳಿರುವ ಈಸ್ಟ್ ಹ್ಯಾಮಿಗೆ ಹೋದೆವು. ಅಲ್ಲಿ ವೀಳ್ಯದೆಲೆ, ಬಾಳೆಎಲೆ, ದರ್ಭೆ, ಎಲ್ಲ ಸಿಕ್ಕಿತು. ಬಾಳೆಹಣ್ಣಿನ ಚಿಪ್ಪನ್ನು ಒತ್ತಿ ನೋಡಿದ್ದಕ್ಕೆ ಅಂಗಡಿಯಾತ ಬೈಯಲಿಲ್ಲ. ತಾನೂ ಒಂದನ್ನು ಒತ್ತಿ, "ಇದು ಬೇಡಮ್ಮಾ, ಅದು ತಗೊಳ್ಳಿ" ಎಂದು ಕನ್ನಡದಲ್ಲೇ ಹೇಳಿದ. ಆ ಒಂದು ಮಾತಿಗೆ ಎರಡು ಗಂಟೆ ಪ್ರಯಾಣದ ಸುಸ್ತು ಇಳಿಯಿತು.

ಇವರು ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ಫೋನ್ ತೆಗೆಯುವುದು, ನೋಡುವುದು, ಇಡುವುದು. ನಾನು ಅರಿಶಿನದ ಕೊಂಬು ಆರಿಸುವಷ್ಟರಲ್ಲಿ ಪಕ್ಕದ ಬಟ್ಟೆಯಂಗಡಿಗೆ ಹೋಗಿ ಆರು ಬನಿಯನ್ನು ಕೊಂಡು ಬಂದಿದ್ದರು.

"ಆರ್ ಎಂತಕ್ಕೆ?"

"ಅಲ್ಲಿ ಸೆಕೆ ಅಂಬ್ರ್."

ಅಲ್ಲಿ ಎಂದರೆ ಎಲ್ಲಿ ಎಂದು ನಾನು ಕೇಳಲಿಲ್ಲ. ನಾನಿನ್ನೂ ಸಹಿಯಾಗದಿರಲಿ ಎನ್ನುತ್ತಿದ್ದೆ, ಅವರು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಿ ಆಗಿತ್ತು. ಎರಡು ವರ್ಷ ಊರಲ್ಲಿ ಈ ಮನುಷ್ಯ ಕುಂದಾಪುರದ ಬಸ್‌ಸ್ಟ್ಯಾಂಡಿನವರೆಗೆ ದಿನಕ್ಕೆ ಮೂರು ಸಲ ಸುಮ್ಮನೆ ನಡೆದು ಬರುತ್ತಿದ್ದುದು ನೆನಪಾಯಿತು. ಆಗ ನಾನು ಅದನ್ನು ವ್ಯಾಯಾಮ ಎಂದುಕೊಂಡಿದ್ದೆ.

ಎಜ್‌ವೇರ್, ಭಾನುವಾರ

ಬೆಳಿಗ್ಗೆ ಆರಕ್ಕೆ ವನಜ ಮಹಡಿಯ ಮೇಲಿಂದಲೇ ಕರೆದಳು. "ಅಕ್ಕ, ನಾನ್ ಹೊರ್ಗಾದೆ."

ಹನ್ನೆರಡು ಮನೆಯವರನ್ನು ಕರೆದಾಗಿದೆ. ಭಟ್ಟರಿಗೆ ಈ ಭಾನುವಾರ ಬಿಟ್ಟರೆ ತಿಂಗಳು ಬಿಡುವಿಲ್ಲ. ವಾರವಿಡೀ ಅವರು ಹೋಟೆಲೊಂದರ ಲೆಕ್ಕ ಬರೆಯುತ್ತಾರೆ. ವನಜ ಮೇಲಿನ ಕೋಣೆಯಲ್ಲಿ ಉಳಿದಳು. ಪೂಜೆಗೆ ದಂಪತಿ ಬೇಕಲ್ಲ. ಅಕ್ಕ ಭಾವ ಇರುವಾಗ ಇನ್ನೇನು ಎಂದರು ಎಲ್ಲರೂ. ಹಾಗೆ ಮಣೆಯ ಮೇಲೆ ನಾವು ಕೂರುವಂತಾಯಿತು.

ಭಟ್ಟರು ಚೀಲದಿಂದ ಗಂಟೆ, ಪಂಚಪಾತ್ರೆ, ಜೊತೆಗೆ ಸ್ನಾನಕ್ಕೆ ತಲೆಗೆ ಹಾಕುವ ಒಂದು ಪ್ಲಾಸ್ಟಿಕ್ ಟೊಪ್ಪಿ ತೆಗೆದರು. ಟೊಪ್ಪಿಯನ್ನು ಕುರ್ಚಿ ಹತ್ತಿ ಮಾಡಿನ ಹೊಗೆಯ ಅಲಾರಮ್ಮಿಗೆ ತೊಡಿಸಿದರು. "ಮೊದ್ಲು ಇದಕ್ಕೆ ನಮಸ್ಕಾರ, ಮತ್ತೆ ಗಣಪತಿಗೆ" ಎಂದರು. ಇವರ ಉಂಗುರದ ಬೆರಳಿಗೆ ದರ್ಭೆಯ ಪವಿತ್ರ ತೊಡಿಸಿ, ಅಕ್ಷತೆ ಕೊಟ್ಟು, ಸಂಕಲ್ಪ ಹಿಡಿದರು. ನಮ್ಮೂರಲ್ಲಿ ಗೋದಾವರಿಯ ದಕ್ಷಿಣ ತೀರ ಎಂದು ಕೇಳಿ ಅಭ್ಯಾಸ. ಇಲ್ಲಿ "ಆಂಗ್ಲದೇಶೇ, ಥೇಮ್ಸ್ ನದ್ಯಾಃ ಉತ್ತರೇ ತೀರೇ" ಎಂದರು. ಎಷ್ಟು ದೂರ ಬಂದರೂ ನಾವು ಎಲ್ಲಿ ಕೂತಿದ್ದೇವೆಂದು ದೇವರಿಗೆ ವಿಳಾಸ ಹೇಳುವ ಪದ್ಧತಿ ತಪ್ಪಿಲ್ಲವಲ್ಲ ಎಂದು ಕಣ್ಣು ತುಂಬಿತು.

"ಯಾವ ಕಾರ್ಯಕ್ಕೆ ಅಂತ ಹೇಳ್ಲಿ?" ಭಟ್ಟರು ಕೇಳಿದರು.

ಸುಧಾಕರ ಹಿಂದಿನಿಂದ ಹೇಳಿದ: "ಸರ್ಕಾರದ್ ಜಾಮೀನ್ ಆಗ್ಲಿ, ಗ್ಯಾಸ್ ರಫ್ತಿನ್ ಕೆಲ್ಸ ಸುರುವಾಗ್ಲಿ, ಭಾವನಿಗೆ ಉದ್ಯೋಗ ಸಿಕ್ಲಿ."

ಭಟ್ಟರು ಒಂದು ಗಳಿಗೆ ಯೋಚಿಸಿ ಅದನ್ನೆಲ್ಲ ಸಂಸ್ಕೃತ ಮಾಡತೊಡಗಿದರು. "ಅಮ್ಮ, ಯಜಮಾನರ ಕೈ ಮುಟ್ಟಿಕೊಳ್ಳಿ" ಎಂದರು ನನಗೆ.

ಮುಟ್ಟಲು ಹೋದೆ. ಇವರ ಬೆರಳಿನ ಪವಿತ್ರ ಜಾರಿ ತೊಡೆಯ ಮೇಲೆ ಬಿತ್ತು. ಇವರಿಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿ ಖಾಲಿ ಬೆರಳನ್ನು ಮಡಚಿಕೊಂಡು ಹಾಗೇ ಭಕ್ತಿಯಿಂದ ಕೂತಿದ್ದರು.

ನನ್ನ ಕೈ ಹಿಂದೆ ಬಂತು.

"ಭಟ್ರೇ, ನಿಲ್ಸಿ. ಈ ಸಂಕಲ್ಪದೊಳ್ಗೆ ನಾನೂ ಇದ್ನಾ?"

"ಧರ್ಮಪತ್ನೀ ಸಮೇತಸ್ಯ ಅಂದೆನಲ್ಲ ಅಮ್ಮ. ನೀವಿಲ್ಲದೆ ಎಂತ ಸಂಕಲ್ಪ?"

"ಹಾಂಗಾರೆ ದೇವ್ರೆದ್ರ್ ಸುಳ್ ಹೇಳೂಕೆ ನಂಗ್ ಆತಿಲ್ಲೆ. ಇವ್ರ್ ಹೋಪುದ್ ನಂಗ್ ಬ್ಯಾಡ."

ಮೇಲಿನಿಂದ "ಅಕ್ಕಾ!" ಎಂದು ವನಜನ ದನಿ ಬಂತು. ಬಾಗಿಲ ಸಂದಿಯಲ್ಲಿ ಕೇಳಿಸಿಕೊಳ್ಳುತ್ತಿದ್ದಳು. ಸುಧಾಕರ ಗೋಡೆ ನೋಡಿದ. ಬೆಂಗಳೂರಿನ ಹುಡುಗಿಯೊಬ್ಬಳು ಮೆಲ್ಲಗೆ "ಬಿಡಿ ಆಂಟಿ, ಪೂಜೆ ಮುಗೀಲಿ" ಎಂದಳು. ಮುಗಿದ ಮೇಲೆ ಹೇಳುವುದಕ್ಕೆ ಏನು ಉಳಿದೀತು?

ಭಟ್ಟರೇ ಬಚಾವು ಮಾಡಿದರು. "ನಲವತ್ತು ವರ್ಷದಲ್ಲಿ ಸಂಕಲ್ಪಕ್ಕೆ ಆಕ್ಷೇಪಣೆ ಬಂದದ್ದು ಇದೇ ಮೊದ್ಲು ಮಾರಾಯ್ರೆ. ಕ್ಷೇಮ, ಸ್ಥೈರ್ಯ, ಆಯುಷ್ಯ, ಆರೋಗ್ಯ ಅಂತ ಹೇಳ್ತೇನೆ. ಅದಕ್ಕಾದರೆ ಕೈ ಮುಟ್ಟುತ್ತೀರೋ?"

ಅದಕ್ಕೆ ಮುಟ್ಟಿದೆ. ಇವರು ಕೈಯಲ್ಲಿದ್ದ ಅಕ್ಷತೆಯನ್ನು ಬಿಡಲಿಲ್ಲ. ಶಲ್ಯದ ಚುಂಗಿಗೆ ಗಂಟು ಹಾಕಿಕೊಂಡು, ಭಟ್ಟರಿಂದ ಬೇರೆ ಅಕ್ಷತೆ ಇಸಿದುಕೊಂಡರು.

ಹಿತ್ತಿಲಲ್ಲಿ

ಪ್ರಸಾದವಾಗಿ ಎಲ್ಲ ಹೋದ ಮೇಲೆ ಇವರು ಹಿಂದಿನ ಅಂಗಳದಲ್ಲಿ ಬಟ್ಟೆ ಒಣಹಾಕುವ ಕಂಬದ ಹತ್ತಿರ ನಿಂತಿದ್ದರು. ನಾನೂ ಹೋಗಿ ನಿಂತೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ಇಷ್ಟ್ ದಿನ ಎಂತಕ್ಕೆ ಹೇಳ್ಲಿಲ್ಲೆ?"

"ನೀವ್ ಕೇಳ್ಲಿಲ್ಲೆ."

"ನಾನ್ ಹೋಪುದ್ ಪೈಪ್ ಸುತ್ತೂಕಲ್ಲ ಮಾರಾಯ್ತಿ. ಕಲ್ಸೂಕೆ." ಬಲಗೈಯನ್ನು ತಾವೇ ಹೊಸದಾಗಿ ಕಂಡಂತೆ ತಿರುಗಿಸಿ ನೋಡಿದರು. "ತಂಪಿನ್ ಕೆಲ್ಸಕ್ಕೆ ಗ್ಲೌಸ್ ಸಡಿಲ ಇರ್ಕ್. ಹನಿ ಹೊಕ್ರೆ ಕೈ ಕೊಡವಿದ್ ಕೂಡ್ಲೇ ಕಳ್ಚಿ ಬೀಳ್ಕ್. ನಾನ್ ಬಿಗಿ ಹಾಕಿದ್ದೆ, ಹಿಡ್ತ ಸಿಕ್ಕತ್ತ್ ಅಂದೇಳಿ. ಅಷ್ಟ್ ಒಂದ್ ಮಾತ್ ನಂಗ್ ಯಾರೂ ಹೇಳ್ಲಿಲ್ಲೆ. ಆಫ್ರಿಕಾದಲ್ ಕೆಲ್ಸಕ್ಕೆ ಬಪ್ಪೋರೆಲ್ಲ ಮೀನ್ ಹಿಡೂ ಮಂದಿ. ಅವ್ರಿಗ್ ಯಾರ್ ಹೇಳುದ್?"

ಎರಡು ವರ್ಷ ನಾನು ಆ ಬೆರಳುಗಳಿಗೆ ಎಣ್ಣೆ ತಿಕ್ಕಿದ್ದೇನೆ. ಒಂದು ದಿನವೂ ಇದನ್ನು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ನೀವೂ ಹೇಳ್ಲಿಲ್ಲೆ" ಎಂದೆ.

"ಇಬ್ರದ್ದೂ ನಾತ ಬೆರ್ಸದ ಗ್ಯಾಸ್" ಎಂದು ನಕ್ಕರು. ನಾನು ಅತ್ತೆ.

ವನಜ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಒಗೆದ ಸೀರೆ ಮಡಿಸಿಕೊಂಡು ಬಂದು ಪಕ್ಕದಲ್ಲಿಟ್ಟು, "ನಂಗೂ ಒಂದ್ ಮನೆ ಬೇಕಲ್ದಾ ಅಕ್ಕ?" ಎಂದಳು. ಬೇಕು. ನಾನು ಏನನ್ನು ಬೇಡಿದರೂ ಯಾರದ್ದೋ ಒಲೆ ಆರುವಂತಿತ್ತು. ಆ ರಾತ್ರಿ ದೇವರ ಮುಂದೆ ಏನೂ ಕೇಳಲಿಲ್ಲ. ತಂಗಿ ಮಾತಾಡಿದ ಉಪಕಾರವೊಂದನ್ನೇ ಎಣಿಸಿ ಎದ್ದೆ.

ಹೊರಡುವ ಹಿಂದಿನ ದಿನ ಪೆಟ್ಟಿಗೆ ತೂಗುತ್ತಿದ್ದಾಗ ಸುಧಾಕರನ ಫೋನ್ ಬಂತು. ಸಹಿ ಆಗಿತ್ತು. ವನಜ ನೆಲದ ಮೇಲೆ ಕೂತು ಅತ್ತಳು. ಅನಘ ಕೇಕು ತರಿಸಿದಳು, ಮೊಟ್ಟೆಯಿಲ್ಲದ್ದು. ತಂಗಿಯ ಮನೆ ಉಳಿಯಿತು. ಅದು ಸಣ್ಣ ಉಪಕಾರವಲ್ಲ. ಎರಡು ಕೈಯೆತ್ತಿ ಮುಗಿದೆ. ಕೈಗಳು ಮಾತ್ರ ತಣ್ಣಗಿದ್ದವು.

ಇವರು ಆರು ಬನಿಯನ್ನುಗಳನ್ನು ತೂಗುವ ಯಂತ್ರದ ಮೇಲಿಟ್ಟು, ನನ್ನ ಮುಖ ನೋಡಿ, ಪೆಟ್ಟಿಗೆಗೆ ಹಾಕದೆ ಬದಿಗಿಟ್ಟರು. ಅವನ್ನು ನಾನೇ ಒಳಗಿಟ್ಟೆ. ಒಪ್ಪಿಗೆಯಿಂದಲ್ಲ, ದುಡ್ಡು ಕೊಟ್ಟ ಬಟ್ಟೆ ಬಿಟ್ಟು ಬರಲಾಗದೆ.

ಹೀಥ್ರೂ

ತಪಾಸಣೆಯ ತಟ್ಟೆಯಲ್ಲಿ ಇವರ ಅಂಗಿಯ ಜೇಬಿನಿಂದ ಒಂದು ಕಾಗದದ ಪೊಟ್ಟಣ ಬಿತ್ತು. ಅಧಿಕಾರಿ ಹೆಂಗಸು ಬಿಚ್ಚಿದಳು. ಒಳಗೆ ಕುಂಕುಮದ ಬಣ್ಣ ಹತ್ತಿದ ಒಂದು ಚಿಟಿಕೆ ಅಕ್ಕಿ, ಅಂದು ಶಲ್ಯಕ್ಕೆ ಗಂಟು ಹಾಕಿಕೊಂಡ ಅದೇ ಅಕ್ಷತೆ.

"ವಾಟ್ ಈಸ್ ಇಟ್ ಫಾರ್?"

"ಪ್ರೇಯರ್. ನಾಟ್ ಫಿನಿಶ್ಡ್" ಎಂದರು ಇವರು.

ಆಕೆ ಒಂದು ಕಾಳೂ ಚೆಲ್ಲದಂತೆ ಮತ್ತೆ ಮಡಚಿ ಎರಡು ಕೈಯಲ್ಲಿ ಕೊಟ್ಟಳು. ಅವಳ ಹೊಟ್ಟೆ ತಣ್ಣಗಿರಲಿ.

ವಿಮಾನಕ್ಕೆ ಇನ್ನೂ ಹೊತ್ತಿತ್ತು. ಇವರು ಒಂದು ಸಲ ಫಲಕ ನೋಡಿ ಬಂದರು, ಇನ್ನೊಂದು ಸಲ ಹೋಗಿ ಬಂದರು. ಕೊನೆಗೆ ನನ್ನ ಪಕ್ಕದಲ್ಲಿ ಕೂತು, ಅಕ್ಷತೆಯನ್ನು ಬಲಗೈಗೆ ಸುರಿದುಕೊಂಡರು.

"ಈಗ ನೀನ್ ಹೇಳ್. ಬ್ಯಾಡ ಅಂದ್ರೆ ಇಲ್ಲೇ ಫೋನ್ ಮಾಡ್ತೆ, ಬತ್ತಿಲ್ಲೆ ಅಂದೇಳಿ. ನೀನ್ ಹೇಳಿದ್ದೇ ಸಂಕಲ್ಪ."

ಬೇಡ ಎನ್ನುವ ಮಾತು ನಾಲಗೆಯ ತುದಿಯಲ್ಲೇ ಇತ್ತು. ಎರಡು ವಾರದಿಂದ ಅದನ್ನೇ ಸಾಕಿದ್ದೆ. ಆದರೆ ಬಸ್‌ಸ್ಟ್ಯಾಂಡಿಗೆ ಮೂರು ಸಲ ನಡೆದು ಬರುವ ಈ ಮನುಷ್ಯ ಕಣ್ಣಿಗೆ ಕಟ್ಟಿದರು. ನಾನು ಕಾಣದ ಕರಾವಳಿಯ ಯಾರೋ ಹೆಂಗಸು ಕಣ್ಣಿಗೆ ಕಟ್ಟಿದಳು. ಗಂಡ ಬಿಗಿ ಗ್ಲೌಸು ತೊಟ್ಟು ಕೆಲಸಕ್ಕೆ ಹೊರಟಿದ್ದಾನೆ. ಅವಳಿಗೂ ದೇವರಿದ್ದಾನೆ. ಅವಳೂ ಕೇಳಿಕೊಂಡಿರಬಹುದು, ಒಬ್ಬರು ಬಂದು ಹೇಳಿಕೊಡಲಿ ಎಂದು.

"ಒಂದ್ ವರ್ಷ" ಎಂದೆ. "ಬಾಯಲ್ ಕಲ್ಸಿ. ಕೈಯಲ್ ಮುಟ್ಟೂಕಾಗ."

"ಹೂಂ."

"ಹೂಂ ಅಂದ್ರೆ ಸಾಲುದಿಲ್ಲೆ. ದೇವ್ರ ಮೇಲಾಣಿ?"

"ದೇವ್ರ ಮೇಲಾಣಿ. ಮುಟ್ಟುದಿಲ್ಲೆ."

ಅವರ ತೋಳು ಮುಟ್ಟಿದೆ. ಥೇಮ್ಸಿನ ಉತ್ತರ ತೀರ ಎಂಬಷ್ಟು ನನಗೂ ಬಾಯಿಗೆ ಬಂದಿತ್ತು, ಹೇಳಿದೆ. ಬಾಟಲಿಯ ನೀರು ಹನಿಸಿದೆ. ಅಕ್ಷತೆ ಕಾಗದದ ಕಪ್ಪಿಗೆ ಬಿತ್ತು. ಕಾಲು ತುಳಿಯದ ಜಾಗವೆಂದು ಹತ್ತಿರದ ಕುಂಡದ ಗಿಡದ ಬುಡಕ್ಕೆ ಸುರಿದೆ. ಆಮೇಲೆ ಎಲೆ ಮುಟ್ಟಿ ನೋಡಿದರೆ ಪ್ಲಾಸ್ಟಿಕ್ಕು. ಅಲಾರಮ್ಮಿಗೆ ಟೊಪ್ಪಿ ಹಾಕಿದ್ದನ್ನು ಒಪ್ಪಿಕೊಂಡ ದೇವರು ಇದನ್ನೂ ಒಪ್ಪಿಕೊಳ್ಳುತ್ತಾನೆಂದು ಸಮಾಧಾನ ಮಾಡಿಕೊಂಡೆ.

ವಿಮಾನ ಏರಿ, ಲಂಡನ್ನು ಮೋಡದ ಕೆಳಗೆ ಹೋದ ಮೇಲೆ ಗಗನಸಖಿ ಟೀ ತಂದಳು. ಹೊಗೆಯಾಡುತ್ತಿತ್ತು. ಎಂದಿನಂತೆ ನಾನು ನಡುವೆ ಕೈ ಹಾಕಿ ಬಿಸಿ ನೋಡಲು ಹೊರಟೆ. ಅಷ್ಟರಲ್ಲಿ ಇವರು ಬಲಗೈಯನ್ನು ಮಡಿಲಲ್ಲೇ ಇಟ್ಟುಕೊಂಡು, ಎಡಗೈ ಚಾಚಿ, ಆ ಕಪ್ಪನ್ನು ತೆಗೆದುಕೊಂಡರು.

ನಾನು ಕಂಡೆ. ಬೈಯಲಿಲ್ಲ.